ಹಿಡಿ ಸಿಕ್ಕಿತು, ಚೀಲ ಸಿಕ್ಕಿತಾ? ರಕ್ತದಲ್ಲಿ ಮರೆವಿನ ಸುಳಿವು ಹುಡುಕಿದ ಎಲ್1ಕ್ಯಾಮ್ ಪ್ರಕರಣ

2015ರಲ್ಲಿ ಒಂದು ಸಂಶೋಧನಾ ಲೇಖನ ಬಂತು. ರಕ್ತದಲ್ಲಿ ಓಡಾಡುವ ಅತಿ ಚಿಕ್ಕ ಗುಳ್ಳೆಗಳನ್ನು ಹಿಡಿದು, ಅವುಗಳೊಳಗಿನ ಕೆಲವು ಪ್ರೊಟೀನ್ ಅಳೆದರೆ ಆಲ್ಝೈಮರ್ ಕಾಯಿಲೆ ಬರುವುದನ್ನು 10 ವರ್ಷ ಮೊದಲೇ ಹೇಳಬಹುದು ಅನ್ನೋದು ಅದರ ಸಾರ. 2021ರಲ್ಲಿ ಇನ್ನೊಂದು ಲೇಖನ ಬಂತು. ಮಿದುಳಿನ ಗುಳ್ಳೆಗಳನ್ನು ಹಿಡಿಯಲು ಹತ್ತಾರು ಲ್ಯಾಬ್‌ಗಳು ನಂಬಿಕೊಂಡಿದ್ದ ಎಲ್1ಕ್ಯಾಮ್ ಅನ್ನೋ ಪ್ರೊಟೀನ್ ರಕ್ತದಲ್ಲಿ ಗುಳ್ಳೆಗೆ ಅಂಟಿಕೊಂಡೇ ಇಲ್ಲ ಅಂತ ಅದು ಹೇಳಿತು.

ಈ ಎರಡರ ನಡುವೆ ಏನು ನಡೆಯಿತು, ಆಮೇಲೆ ಏನಾಯಿತು ಅನ್ನೋದೇ ಇಲ್ಲಿನ ವಿಷಯ. ಯಾರು ಗೆದ್ದರು, ಯಾರು ಸೋತರು ಅನ್ನೋ ಲೆಕ್ಕ ನನಗೆ ಅಷ್ಟು ಮುಖ್ಯ ಅನಿಸಲಿಲ್ಲ. ಒಂದು ಪರೀಕ್ಷೆ ರೋಗಿಗಳನ್ನೂ ಆರೋಗ್ಯವಂತರನ್ನೂ ಚೆನ್ನಾಗಿ ಬೇರ್ಪಡಿಸುತ್ತಿದೆ ಅಂದ ಮಾತ್ರಕ್ಕೆ ಅದು ನಾವು ಅಂದುಕೊಂಡ ವಸ್ತುವನ್ನೇ ಅಳೆಯುತ್ತಿದೆ ಅಂತ ಹೇಳೋಕಾಗಲ್ಲ. ಅಳೆದದ್ದು ನಿಜವಾಗಿ ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಬೇರೆಯೇ, ಮತ್ತು ಈ ಪ್ರಕರಣದಲ್ಲಿ ಅದನ್ನು ಗಟ್ಟಿಯಾಗಿ ಕೇಳೋಕೆ ಆರು ವರ್ಷ ಹಿಡಿಯಿತು.

ಮೊದಲು ಗುಳ್ಳೆಗಳ ಪರಿಚಯ

ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ಪುಟ್ಟ ಪುಟ್ಟ ಗುಳ್ಳೆಗಳನ್ನು ಹೊರಗೆ ಬಿಡುತ್ತಲೇ ಇರುತ್ತವೆ. ಇವಕ್ಕೆ ಎಕ್ಸ್‌ಟ್ರಾಸೆಲ್ಯುಲಾರ್ ವೆಸಿಕಲ್ ಅಂತ ಹೆಸರು. ಕೋಶಕ್ಕೆ ಇರುವಂಥದ್ದೇ ಎರಡು ಪದರದ ಕೊಬ್ಬಿನ ಪೊರೆ ಇವಕ್ಕೂ ಇರುತ್ತದೆ. ಒಳಗೆ ಪ್ರೊಟೀನ್, ಆರ್‌ಎನ್‌ಎ, ಆ ಹೊತ್ತಿಗೆ ಕೋಶದಲ್ಲಿ ಏನೇನಿತ್ತೋ ಅದರ ಒಂದಿಷ್ಟು ಪಾಲು. ಕೆಲವು ಹೊರಪೊರೆಯಿಂದ ನೇರವಾಗಿ ಉಬ್ಬಿ ಕಳಚಿಕೊಳ್ಳುತ್ತವೆ. ಇನ್ನು ಕೆಲವು ಕೋಶದೊಳಗಿನ ಒಂದು ದೊಡ್ಡ ಗುಳ್ಳೆಯ ಹೊಟ್ಟೆಯಲ್ಲಿ ಹುಟ್ಟುತ್ತವೆ, ಆ ದೊಡ್ಡದು ಹೊರಪೊರೆಯ ಜೊತೆ ಸೇರಿಕೊಂಡು ಬಾಯಿ ಬಿಟ್ಟಾಗ ಇವು ಹೊರಗೆ ಬೀಳುತ್ತವೆ. ಹೀಗೆ ಬಂದವು ಎಕ್ಸೋಸೋಮ್‌ಗಳು, ಅಳತೆ ಸುಮಾರು 30ರಿಂದ 150 ನ್ಯಾನೋಮೀಟರ್. ಒಮ್ಮೆ ಹೊರಗೆ ಬಂದ ಮೇಲೆ ಯಾವುದು ಯಾವ ದಾರಿಯಲ್ಲಿ ಬಂತು ಅಂತ ಹೇಳೋದು ಕಷ್ಟ, ಹಾಗಾಗಿ ಈಗ ಎಲ್ಲವನ್ನೂ ಒಟ್ಟಿಗೆ ವೆಸಿಕಲ್ ಅನ್ನೋದೇ ಒಳ್ಳೆಯದು ಅಂತ ಈ ಕ್ಷೇತ್ರದವರು ಹೇಳುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

1967ರಲ್ಲಿ ಪೀಟರ್ ವುಲ್ಫ್ ಪ್ಲೇಟ್‌ಲೆಟ್‌ಗಳಿಂದ ಉದುರುವ ಕಣಗಳನ್ನು ಕಂಡು ಅವನ್ನು ಪ್ಲೇಟ್‌ಲೆಟ್ ಧೂಳು ಅಂತ ಕರೆದರು. 1983ರಲ್ಲಿ ಎರಡು ತಂಡಗಳು, ಬೆಳೆಯುತ್ತಿರುವ ಕೆಂಪು ರಕ್ತಕಣಗಳು ತಮಗಿನ್ನು ಬೇಡವಾದ, ಕಬ್ಬಿಣ ಒಳಗೆಳೆಯುವ ಟ್ರಾನ್ಸ್‌ಫೆರಿನ್ ರಿಸೆಪ್ಟರ್‌ಗಳನ್ನು ಇಂಥ ಗುಳ್ಳೆಗಳಲ್ಲಿ ಹೊರಹಾಕುತ್ತವೆ ಅಂತ ತೋರಿಸಿದವು. ಕೋಶ ಬಿಸಾಡುವ ಕಸ ಅನ್ನೋ ಅಭಿಪ್ರಾಯವೇ ಬಹಳ ಕಾಲ ಉಳಿಯಿತು. 2007ರಲ್ಲಿ ಸ್ವೀಡನ್ನಿನ ಯಾನ್ ಲೊಟ್ವಾಲ್ ಅವರ ತಂಡ ಈ ಗುಳ್ಳೆಗಳಲ್ಲಿ ಆರ್‌ಎನ್‌ಎ ಇರುತ್ತದೆ, ಅದು ಇನ್ನೊಂದು ಕೋಶಕ್ಕೆ ಹೋಗಿ ಅಲ್ಲಿ ಕೆಲಸ ಮಾಡಬಲ್ಲದು ಅಂತ ತೋರಿಸಿದ ಮೇಲೆ ಎಲ್ಲರ ಕಣ್ಣು ಈ ಕಡೆ ತಿರುಗಿತು.

ಮರೆವಿಗೂ ಇವಕ್ಕೂ ಏನು ಸಂಬಂಧ

ಜಗತ್ತಿನಲ್ಲಿ 5.5 ಕೋಟಿಗೂ ಜಾಸ್ತಿ ಜನರಿಗೆ ಡಿಮೆನ್ಷಿಯಾ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಆಲ್ಝೈಮರ್ ಪಾಲು ಶೇ. 60ರಿಂದ 70. ಈ ಕಾಯಿಲೆಯಲ್ಲಿ ಅಮೈಲಾಯ್ಡ್ ಬೀಟಾ ಅನ್ನೋ ಪ್ರೊಟೀನ್ ಕೋಶಗಳ ಹೊರಗೆ ಗಟ್ಟಿಯಾಗಿ ಕೂರುತ್ತದೆ, ಟೌ ಅನ್ನೋದು ನರಕೋಶಗಳ ಒಳಗೆ ಸಿಕ್ಕುಗಟ್ಟುತ್ತದೆ. ಟೌ ಸಿಕ್ಕುಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. 1991ರಲ್ಲಿ ಹೈಕೊ ಬ್ರಾಕ್ ಮತ್ತು ಎವಾ ಬ್ರಾಕ್ ಇದನ್ನು ಆರು ಹಂತಗಳಾಗಿ ವಿವರಿಸಿದರು: ಹಿಪೊಕ್ಯಾಂಪಸ್ ಪಕ್ಕದ ಭಾಗದಲ್ಲಿ ಶುರು, ಆಮೇಲೆ ಹಿಪೊಕ್ಯಾಂಪಸ್, ಕೊನೆಗೆ ಮಿದುಳಿನ ಹೊರಪದರದ ಬಹುಭಾಗ. ಹೊಸ ನೆನಪು ಮೂಡೋಕೆ ಹಿಪೊಕ್ಯಾಂಪಸ್ ಬೇಕೇ ಬೇಕು. ಅದಕ್ಕೇ ಹಳೆಯದೆಲ್ಲ ನೆನಪಿದ್ದು, ಬೆಳಿಗ್ಗೆ ನಡೆದದ್ದು ಮಾತ್ರ ಮರೆತುಹೋಗುತ್ತದೆ.

ಕೋಶದ ಒಳಗೆ ಇರಬೇಕಾದ ಪ್ರೊಟೀನ್ ಒಂದು ನರಕೋಶದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ? ಇದಕ್ಕೆ ಸಿಕ್ಕ ಉತ್ತರಗಳಲ್ಲಿ ವೆಸಿಕಲ್ ಒಂದು. 2006ರಲ್ಲಿ ಲಾರೆನ್ಸ್ ರಾಜೇಂದ್ರನ್ ಮತ್ತು ಕಾಯ್ ಸೈಮನ್ಸ್ ಅವರ ಗುಂಪು ಅಮೈಲಾಯ್ಡ್ ಬೀಟಾ ಎಕ್ಸೋಸೋಮ್‌ಗಳ ಜೊತೆ ಹೊರಬರುತ್ತದೆ ಅಂತ ತೋರಿಸಿತು. ಎಕ್ಸೋಸೋಮ್‌ಗಳಲ್ಲಿ ಇರುವ ಆಲಿಕ್ಸ್ ಅನ್ನೋ ಪ್ರೊಟೀನ್ ಮಿದುಳಿನ ಅಮೈಲಾಯ್ಡ್ ಗಡ್ಡೆಗಳ ಸುತ್ತಲೂ ಸಿಕ್ಕಿತು. 2012ರಲ್ಲಿ ಟೌ ಕೂಡ ವೆಸಿಕಲ್‌ಗಳಲ್ಲಿ ಹೊರಬರುತ್ತದೆ ಅನ್ನೋ ವರದಿ ಬಂತು. 2015ರಲ್ಲಿ ಸುನೆಯಾ ಇಕೆಜು ಅವರ ತಂಡ ಇಲಿಗಳಲ್ಲಿ ಎರಡು ಪ್ರಯೋಗ ಮಾಡಿತು: ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾವನ್ನು ತೆಗೆದುಹಾಕಿದಾಗ ಟೌ ಹರಡುವುದು ಕುಗ್ಗಿತು, ಎಕ್ಸೋಸೋಮ್ ತಯಾರಿಕೆಯನ್ನು ತಡೆದಾಗಲೂ ಕುಗ್ಗಿತು. ಮೈಕ್ರೋಗ್ಲಿಯಾ ಟೌ ನುಂಗುತ್ತವೆ, ಪೂರ್ತಿ ಜೀರ್ಣವಾಗದ್ದನ್ನು ಗುಳ್ಳೆಯಲ್ಲಿ ಹಾಕಿ ಮತ್ತೆ ಹೊರಗೆ ಬಿಡುತ್ತವೆ ಅನ್ನೋದು ಅದರಿಂದ ಹೊರಟ ಚಿತ್ರ.

ನನಗೆ ಇವೆಲ್ಲದಕ್ಕಿಂತ ಬಲವಾಗಿ ಕಂಡದ್ದು 2024ರ ಕೆಲಸ. ಆಲ್ಝೈಮರ್‌ನಿಂದ ತೀರಿಕೊಂಡವರ ಮಿದುಳಿನಿಂದ ವೆಸಿಕಲ್ ಬೇರ್ಪಡಿಸಿ, ಅತಿಶೀತದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ನೋಡಿದರು. ಗುಳ್ಳೆಯ ಒಳಗೇ ಟೌ ಎಳೆಗಳು, ಅದೂ ಪೊರೆಗೆ ಒಳಗಿನಿಂದ ಕಟ್ಟಿಹಾಕಿದ ಹಾಗೆ. ಇದು ಇಲಿಯಲ್ಲ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶವೂ ಅಲ್ಲ, ಮನುಷ್ಯರ ಮಿದುಳು. ಮತ್ತು ಕಣ್ಣಾರೆ ಕಂಡದ್ದು.

ಆದರೆ ವೆಸಿಕಲ್ ಅಂದರೆ ಖಳನಾಯಕ ಅಂತ ತೀರ್ಪು ಕೊಡಬೇಡಿ. 2006ರ ಅದೇ ಲೇಖನದಲ್ಲೇ, ಕೋಶ ಹೊರಹಾಕುವ ಒಟ್ಟು ಅಮೈಲಾಯ್ಡ್ ಬೀಟಾದಲ್ಲಿ ಶೇ. 1ಕ್ಕಿಂತ ಕಡಿಮೆ ಮಾತ್ರ ಎಕ್ಸೋಸೋಮ್ ಜೊತೆ ಹೋಗುತ್ತದೆ ಅಂತ ಇದೆ. ಕೋಶದ ಹೊರಗಿರುವ ಟೌ ಕೂಡ ಬಹುಪಾಲು ಬಿಡಿಯಾಗೇ ಇರುತ್ತದೆ. ಜೊತೆಗೆ, ನರಕೋಶದ ಎಕ್ಸೋಸೋಮ್‌ಗಳನ್ನು ಇಲಿಯ ಮಿದುಳಿಗೆ ಹಾಕಿದಾಗ ಅಮೈಲಾಯ್ಡ್ ಕಡಿಮೆಯಾಯಿತು ಅಂತ ಜಪಾನಿನ ಒಂದು ತಂಡ 2014ರಲ್ಲಿ ವರದಿ ಮಾಡಿತು. ಅದೇ ವರ್ಷ ಇನ್ನೊಂದು ತಂಡ, ಎಕ್ಸೋಸೋಮ್ ತಯಾರಿಕೆಯನ್ನೇ ಜಿಡಬ್ಲ್ಯೂ4869 ಅನ್ನೋ ರಾಸಾಯನಿಕದಿಂದ ತಡೆದಾಗ ಅಮೈಲಾಯ್ಡ್ ಕಡಿಮೆಯಾಯಿತು ಅಂತ ವರದಿ ಮಾಡಿತು. ಹಾಕಿದರೂ ಕಡಿಮೆ, ತಡೆದರೂ ಕಡಿಮೆ! ವಿಚಿತ್ರ ಅನಿಸುತ್ತೆ ಅಲ್ವಾ? ಯಾವ ಕೋಶದ ವೆಸಿಕಲ್, ಕಾಯಿಲೆಯ ಯಾವ ಹಂತ, ಅದನ್ನು ನುಂಗುವವರು ಯಾರು ಅನ್ನೋದರ ಮೇಲೆ ಫಲ ಬದಲಾಗುತ್ತದೆ ಅಂತ ನಾನು ಓದಿಕೊಳ್ಳುತ್ತೇನೆ.

ಆರೋಗ್ಯವಾಗಿರುವ ಮಿದುಳಿನಲ್ಲೂ ಇವಕ್ಕೆ ಕೆಲಸ ಇದೆ. ದೀರ್ಘಕಾಲದ ನೆನಪಿಗೆ ಬೇಕಾದ ಆರ್ಕ್ ಅನ್ನೋ ಪ್ರೊಟೀನ್, ವೈರಸ್‌ಗಳ ಹೊರಚಿಪ್ಪಿನಂಥದ್ದನ್ನು ಕಟ್ಟಿಕೊಂಡು, ತನ್ನದೇ ಆರ್‌ಎನ್‌ಎ ತುಂಬಿಸಿಕೊಂಡು, ವೆಸಿಕಲ್ ಏರಿ ಇನ್ನೊಂದು ನರಕೋಶಕ್ಕೆ ಹೋಗುತ್ತದೆ ಅಂತ 2018ರಲ್ಲಿ ಎರಡು ತಂಡಗಳು ತೋರಿಸಿದವು, ಒಂದು ಇಲಿಗಳ ನರಕೋಶಗಳಲ್ಲಿ, ಇನ್ನೊಂದು ಹಣ್ಣಿನ ನೊಣದಲ್ಲಿ.

ಇದಿಷ್ಟು ಮಿದುಳಿನ ಒಳಗಿನ ಕಥೆ. ಇದು ಸಾಕಷ್ಟು ಗಟ್ಟಿಯಾಗಿದೆ. ನಮ್ಮ ಪ್ರಕರಣ ರಕ್ತದ್ದು, ಮತ್ತು ತೊಂದರೆ ಅಲ್ಲಿ.

ಪ್ರಕರಣ ಶುರುವಾದದ್ದು

ಬದುಕಿರುವವರ ಮಿದುಳಿನ ಚೂರು ತೆಗೆದು ನೋಡೋಕಾಗಲ್ಲ. ಪೆಟ್ ಸ್ಕ್ಯಾನ್ ದುಬಾರಿ. ಬೆನ್ನುಮೂಳೆಯ ನಡುವೆ ಸೂಜಿ ಹಾಕಿ ದ್ರವ ತೆಗೆಸಿಕೊಳ್ಳೋಕೆ ಬಹಳ ಜನ ಹೆದರುತ್ತಾರೆ. ರಕ್ತದಲ್ಲೇ ಮಿದುಳಿನ ಸುದ್ದಿ ಸಿಕ್ಕರೆ? ವೆಸಿಕಲ್‌ಗಳು ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ದಾಟಿ ಬರಬಲ್ಲವು ಅನ್ನೋ ಮಾತಿತ್ತು. ಪೊರೆಯೊಳಗೆ ಇರೋದರಿಂದ ಒಳಗಿನ ಸರಕು ಹಾಳಾಗದೆ ಉಳಿದಿರುತ್ತದೆ ಅನ್ನೋ ಆಸೆಯೂ ಇತ್ತು.

ಆದರೆ ರಕ್ತದಲ್ಲಿರುವ ವೆಸಿಕಲ್‌ಗಳಲ್ಲಿ ಬಹುಪಾಲು ರಕ್ತಕೋಶಗಳವು, ಅದರಲ್ಲೂ ಪ್ಲೇಟ್‌ಲೆಟ್‌ಗಳವು. ಮಿದುಳಿನವು ಅದರಲ್ಲಿ ಬಹಳ ಸಣ್ಣ ಪಾಲು. ಅವನ್ನು ಆರಿಸಿ ತೆಗೆಯೋಕೆ ಒಂದು ಗುರುತು ಬೇಕು. ಎಲ್ಲ ಬಗೆಯ ಚೀಲಗಳ ರಾಶಿಯಲ್ಲಿ ಒಂದು ಬಗೆಯ ಹಿಡಿ ಇರುವ ಚೀಲವನ್ನಷ್ಟೇ ಎತ್ತಿಕೊಂಡ ಹಾಗೆ. ಆ ಹಿಡಿಯಾಗಿ ಆರಿಸಿದ್ದು ಎಲ್1ಕ್ಯಾಮ್ ಅನ್ನೋ ಪ್ರೊಟೀನನ್ನು. ಅದು ನರಕೋಶದ ಪೊರೆಯಲ್ಲಿ ಅಡ್ಡಲಾಗಿ ಕೂರುತ್ತದೆ. ಒಂದು ತುದಿ ಹೊರಗೆ, ಒಂದು ತುದಿ ಒಳಗೆ. ಹೊರಗಿನ ತುದಿಗೆ ಅಂಟುವ ಪ್ರತಿಕಾಯ ಹಾಕಿ ಎಳೆದರೆ ನರಕೋಶದ ವೆಸಿಕಲ್ ಬರಬೇಕು. ಆಲೋಚನೆ ಚೆನ್ನಾಗೇ ಇತ್ತು.

2015ರ ಲೇಖನ ಮಾಸ್ಸಿಮೊ ಫಿಯಾಂಡಾಕ, ಡಿಮಿಟ್ರಿಯೊಸ್ ಕಪೋಜಿಯಾನಿಸ್, ಎಡ್ವರ್ಡ್ ಗೋಯೆಟ್ಜಲ್ ಮತ್ತವರ ಜೊತೆಗಾರರದು. ಅವರ ವಿಧಾನ ಸರಳ. ಮೊದಲು ಒಂದು ಪಾಲಿಮರ್ ಸೇರಿಸಿ ರಕ್ತದ್ರವದಿಂದ ವೆಸಿಕಲ್‌ಗಳನ್ನು ಕೆಳಗೆ ಕೂರಿಸುವುದು, ಆಮೇಲೆ ಎಲ್1ಕ್ಯಾಮ್ ಪ್ರತಿಕಾಯದಿಂದ ಹಿಡಿಯುವುದು, ಕೊನೆಗೆ ಒಡೆದು ಒಳಗಿನದನ್ನು ಅಳೆಯುವುದು. ಫಾಸ್ಫೇಟ್ ಅಂಟಿಕೊಂಡ ಟೌನ ಎರಡು ರೂಪಗಳು ಮತ್ತು ಅಮೈಲಾಯ್ಡ್ ಬೀಟಾ 42 ಆಲ್ಝೈಮರ್ ಇದ್ದವರಲ್ಲಿ ಜಾಸ್ತಿ ಇದ್ದವು. 57 ರೋಗಿಗಳನ್ನು ಆರೋಗ್ಯವಂತರ ಜೊತೆ ಹೋಲಿಸಿದಾಗ ಶೇ. 96.4 ಮಂದಿಯನ್ನು ಸರಿಯಾಗಿ ಗುರುತಿಸಿತು. ಇನ್ನೂ ದೊಡ್ಡ ಸುದ್ದಿ: 24 ಜನರಿಂದ ಕಾಯಿಲೆ ಕಾಣಿಸುವ 1ರಿಂದ 10 ವರ್ಷ ಮೊದಲೇ ತೆಗೆದಿಟ್ಟಿದ್ದ ರಕ್ತದಲ್ಲೂ ಅದೇ ಏರಿಕೆ ಇತ್ತು.

ಇದಾದ ಮೇಲೆ ಅದೇ ಹಿಡಿಯನ್ನು ಹಿಡಿದು ಬಂದ ಲೇಖನಗಳು ಒಂದೆರಡಲ್ಲ. ಪಾರ್ಕಿನ್ಸನ್, ತಲೆಗೆ ಪೆಟ್ಟು, ಖಿನ್ನತೆ, ಎಲ್ಲದಕ್ಕೂ ಎಲ್1ಕ್ಯಾಮ್. 2019ರಲ್ಲಿ ಕಪೋಜಿಯಾನಿಸ್ ತಂಡ ಬಾಲ್ಟಿಮೋರ್‌ನ ದೀರ್ಘಕಾಲದ ಅಧ್ಯಯನವೊಂದರ ರಕ್ತದ ಮಾದರಿಗಳಲ್ಲಿ ಇದನ್ನು ದೊಡ್ಡದಾಗಿ ಮಾಡಿ ನೋಡಿತು. ಇಲ್ಲೂ ವ್ಯತ್ಯಾಸ ಸಿಕ್ಕಿತು, ಆದರೆ ಮೊದಲ ಗುಂಪಿನಲ್ಲಿ ಸಿಕ್ಕಷ್ಟು ಚೆನ್ನಾಗಿ ಎರಡನೇ ಗುಂಪಿನಲ್ಲಿ ಸಿಗಲಿಲ್ಲ. ಇದು ತಪ್ಪೇನಲ್ಲ, ಹೊಸ ಗುಂಪಿನಲ್ಲಿ ಅಂಕಿ ಇಳಿಯೋದು ಸಾಮಾನ್ಯ. 96.4 ಅನ್ನೋ ಅಂಕಿ ಮಾತ್ರ ಎಲ್ಲರ ತಲೆಯಲ್ಲಿ ಕೂತುಬಿಟ್ಟಿತ್ತು.

ಆ ಅಂಕಿಯ ಬಗ್ಗೆ ಒಂದು ಮಾತು. ರೋಗಿಗಳು ಇವರು, ಆರೋಗ್ಯವಂತರು ಇವರು ಅಂತ ಮೊದಲೇ ಗೊತ್ತಿರುವ ಎರಡು ಗುಂಪನ್ನು ಬೇರ್ಪಡಿಸೋದು ಸುಲಭದ ಪರೀಕ್ಷೆ. ಸುಮ್ನೆ ಲೆಕ್ಕಕ್ಕೆ ಅಂತ 1000 ಜನ ಹಿರಿಯರನ್ನು ತಗೊಳ್ಳಿ, ಅವರಲ್ಲಿ 50 ಜನರಿಗೆ ಕಾಯಿಲೆ ಇದೆ ಅಂದುಕೊಳ್ಳಿ. ಪರೀಕ್ಷೆ ಕಾಯಿಲೆ ಇರುವವರಲ್ಲಿ ಶೇ. 90 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ. 90 ಮಂದಿಗೆ ಇಲ್ಲ ಅನ್ನುತ್ತದೆ. ಆಗ 45 ಜನ ಸರಿಯಾಗಿ ಸಿಗುತ್ತಾರೆ, ಜೊತೆಗೆ ಏನೂ ಇಲ್ಲದ 95 ಜನರಿಗೂ ಕಾಯಿಲೆ ಇದೆ ಅನ್ನೋ ಚೀಟಿ ಹೋಗುತ್ತದೆ. ಚೀಟಿ ಸಿಕ್ಕ ಮೂವರಲ್ಲಿ ಇಬ್ಬರು ಸುಮ್ನೆ ಹೆದರಿಕೊಂಡವರು.

ಹಿಡಿಯ ಮೇಲೆ ಅನುಮಾನ

ಎಲ್1ಕ್ಯಾಮ್ ನರಕೋಶದ ಸ್ವಂತ ಆಸ್ತಿಯೇನಲ್ಲ. ಮೂತ್ರಪಿಂಡದಲ್ಲಿದೆ, ಮಿದುಳಿನ ಹೊರಗಿನ ನರಗಳನ್ನು ಸುತ್ತುವ ಶ್ವಾನ್ ಕೋಶಗಳಲ್ಲಿದೆ, ಕೆಲವು ಬಿಳಿರಕ್ತಕಣಗಳಲ್ಲಿದೆ, ಹಲವು ಬಗೆಯ ಕ್ಯಾನ್ಸರ್‌ಗಳಲ್ಲಿ ಜಾಸ್ತಿಯಾಗುತ್ತದೆ. ಇದು ಮೊದಲಿನಿಂದ ಗೊತ್ತಿದ್ದ ವಿಷಯ.

ಎರಡನೆಯ ತೊಡಕು ಇನ್ನೂ ದೊಡ್ಡದು. ಎಲ್1ಕ್ಯಾಮ್‌ನ ಹೊರತುದಿಯನ್ನು ಕೋಶದ ಕಿಣ್ವಗಳು ಕತ್ತರಿಸಿ ಬಿಡುತ್ತವೆ, ಅದು ಬಿಡಿಯಾಗಿ ದ್ರವದಲ್ಲಿ ತೇಲುತ್ತದೆ. ಇದಲ್ಲದೆ, ಪೊರೆಯಲ್ಲಿ ಕೂರಬೇಕಾದ ಭಾಗವನ್ನೇ ಬಿಟ್ಟು ತಯಾರಾಗುವ ರೂಪವೂ ಇದೆ, ಅದು ಹುಟ್ಟಿದಾಗಲೇ ಬಿಡಿ. ಪ್ರತಿಕಾಯ ಅಂಟೋದು ಹೊರತುದಿಗೆ. ಹಾಗಾಗಿ ಪೊರೆಯಲ್ಲಿ ಕೂತಿರುವ ಎಲ್1ಕ್ಯಾಮ್ ಯಾವುದು, ಸುಮ್ನೆ ತೇಲುತ್ತಿರುವುದು ಯಾವುದು ಅಂತ ಅದಕ್ಕೆ ತಿಳಿಯುವುದೇ ಇಲ್ಲ. ಹಿಡಿ ಕೈಗೆ ಬರುತ್ತದೆ, ಅದಕ್ಕೆ ಚೀಲ ಇದೆಯಾ ಅನ್ನೋದು ಬೇರೆ ಪ್ರಶ್ನೆ.

ಇದನ್ನು ನೇರವಾಗಿ ಕೇಳಿದವರು ಬಾಸ್ಟನ್‌ನ ಮಾಯಾ ನಾರ್ಮನ್, ಡಿಮಿಟ್ರಿ ಟೆರ್-ಒವನೇಸಿಯನ್ ಮತ್ತು ಜೊತೆಗಾರರು, ಜಾರ್ಜ್ ಚರ್ಚ್ ಮತ್ತು ಡೇವಿಡ್ ವಾಲ್ಟ್ ಅವರ ಲ್ಯಾಬ್‌ಗಳಿಂದ. ಒಂದೊಂದೇ ಅಣುವನ್ನು ಎಣಿಸುವಷ್ಟು ಸೂಕ್ಷ್ಮವಾದ ಸಿಮೋವಾ ವಿಧಾನವನ್ನು ಬೆಳೆಸಿದವರು ಇದೇ ವಾಲ್ಟ್, ಹಾಗಾಗಿ ಅಳತೆಯಲ್ಲಿ ಇವರ ಕೈ ಬಲವಾಗಿತ್ತು.

ಪ್ರಯೋಗದ ಚೆಂದ ಅದರ ಸರಳತೆಯಲ್ಲಿದೆ. ಸೂಕ್ಷ್ಮ ರಂಧ್ರಗಳಿರುವ ಮಣಿಗಳನ್ನು ತುಂಬಿದ ಒಂದು ಕೊಳವೆ ತಗೊಳ್ಳಿ, ಮೇಲಿನಿಂದ ರಕ್ತದ್ರವ ಹಾಕಿ. ದೊಡ್ಡ ವಸ್ತುಗಳು ರಂಧ್ರದೊಳಗೆ ಹೋಗಲಾರವು, ಮಣಿಗಳ ಪಕ್ಕದಿಂದ ಬೇಗ ಜಾರಿ ಕೆಳಗೆ ಬರುತ್ತವೆ. ಸಣ್ಣವು ರಂಧ್ರಗಳಲ್ಲಿ ಹೊಕ್ಕು ಹೊರಬರುತ್ತಾ ತಡವಾಗಿ ಇಳಿಯುತ್ತವೆ. ವೆಸಿಕಲ್ ದೊಡ್ಡದು, ಮೊದಲ ಪಾಲುಗಳಲ್ಲಿ ಬರಬೇಕು. ಆಲ್ಬುಮಿನ್‌ನಂಥ ಬಿಡಿ ಪ್ರೊಟೀನ್ ಆಮೇಲೆ ಬರಬೇಕು. ಒಂದೊಂದು ಪಾಲಲ್ಲೂ ಏನೇನಿದೆ ಅಂತ ಅಳೆದರು. ವೆಸಿಕಲ್‌ಗಳ ಪೊರೆಯಲ್ಲಿ ಇದ್ದೇ ಇರುವ ಸಿಡಿ9, ಸಿಡಿ63, ಸಿಡಿ81 ಮೊದಲ ಪಾಲುಗಳಲ್ಲಿ ಬಂದವು. ಎಲ್1ಕ್ಯಾಮ್ ಬಂದದ್ದು ಆಲ್ಬುಮಿನ್ ಜೊತೆ.

ರಕ್ತದ್ರವದಲ್ಲಿ ಮಾತ್ರವಲ್ಲ, ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವದಲ್ಲೂ ಇದೇ ಫಲ. ನನ್ನ ಮಟ್ಟಿಗೆ ಈ ಎರಡನೆಯದು ಹೆಚ್ಚು ತೂಕದ್ದು. ರಕ್ತದಲ್ಲಿ ಮಿದುಳಿನ ವೆಸಿಕಲ್ ಕಡಿಮೆ ಇರಬಹುದು, ಅದಕ್ಕೇ ಕಾಣಲಿಲ್ಲ ಅಂತ ಯಾರಾದರೂ ಹೇಳಬಹುದಿತ್ತು. ಮಿದುಳನ್ನೇ ತೊಳೆಯುವ ದ್ರವದಲ್ಲೂ ಎಲ್1ಕ್ಯಾಮ್ ಬಿಡಿ ಪ್ರೊಟೀನಿನ ಸಾಲಿನಲ್ಲೇ ನಿಂತಿದ್ದರೆ ಆ ನೆಪ ನಡೆಯಲ್ಲ. ಗಾತ್ರ ಬಿಟ್ಟು ಸಾಂದ್ರತೆಯಿಂದ ಬೇರ್ಪಡಿಸಿ ನೋಡಿದರು, ಅಲ್ಲೂ ಎಲ್1ಕ್ಯಾಮ್ ವೆಸಿಕಲ್ ಗುರುತುಗಳ ಜೊತೆ ಬರಲಿಲ್ಲ. ಸಿಕ್ಕಿದ ಎಲ್1ಕ್ಯಾಮ್ ಯಾವ ರೂಪದ್ದು ಅಂತಲೂ ಪರೀಕ್ಷಿಸಿದರು. ಕತ್ತರಿಸಿ ಬಿದ್ದದ್ದು ಅಥವಾ ಪೊರೆಯ ಭಾಗವಿಲ್ಲದೆ ತಯಾರಾದದ್ದು ಅನ್ನೋದಕ್ಕೆ ಅದು ಹೊಂದಿಕೊಂಡಿತು. ಲೇಖನದ ಶೀರ್ಷಿಕೆಯಲ್ಲೇ ಅಡ್ಡಮಾತಿಲ್ಲದೆ ಹೇಳಿದರು: ಮನುಷ್ಯರ ಈ ದ್ರವಗಳಲ್ಲಿ ಎಲ್1ಕ್ಯಾಮ್ ವೆಸಿಕಲ್‌ಗಳ ಜೊತೆ ಇಲ್ಲ.

ಹಾಗಾದರೆ ಆ ಅಂಕಿಗಳು ಎಲ್ಲಿಂದ ಬಂದವು?

ಪ್ರಕರಣದ ಹೂರಣ ಇರೋದು ಇಲ್ಲಿ. ಹಿಡಿ ತಪ್ಪಾಗಿದ್ದರೆ ರೋಗಿಗಳಲ್ಲಿ ಟೌ ಜಾಸ್ತಿ ಕಂಡದ್ದು ಹೇಗೆ? ಅಂಕಿಗಳನ್ನು ಯಾರೋ ಕಟ್ಟಿದರು ಅಂತ ಅಂದುಕೊಳ್ಳೋಕೆ ಯಾವ ಕಾರಣವೂ ಇಲ್ಲ, ಬೇರೆ ಬೇರೆ ಲ್ಯಾಬ್‌ಗಳು ವ್ಯತ್ಯಾಸ ಕಂಡಿವೆ.

ಮೊದಲ ಹಂತದ ಪಾಲಿಮರ್ ಕಡೆ ನೋಡಿ. ಅದು ವೆಸಿಕಲ್‌ಗಳನ್ನಷ್ಟೇ ಕೆಳಗೆ ಕೂರಿಸುವುದಿಲ್ಲ. ಬಿಡಿ ಪ್ರೊಟೀನ್, ಕೊಲೆಸ್ಟರಾಲ್ ಹೊರುವ ಕಣಗಳು, ಎಲ್ಲವನ್ನೂ ಒಟ್ಟಿಗೆ ಎಳೆದು ಕೂರಿಸುತ್ತದೆ. ರಕ್ತದಲ್ಲಿ ಬಿಡಿಯಾಗಿ ಇರುವ ಟೌ ಕೂಡ ಆ ಗಷ್ಟಿನಲ್ಲಿ ಇರುತ್ತದೆ. ಆಮೇಲಿನ ಹಂತದಲ್ಲಿ ಎಷ್ಟು ತೊಳೆದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಆಲ್ಝೈಮರ್ ಇದ್ದವರ ರಕ್ತದಲ್ಲಿ ಫಾಸ್ಫೇಟ್ ಅಂಟಿದ ಟೌ ನಿಜಕ್ಕೂ ಜಾಸ್ತಿ ಇರುತ್ತದೆ, ಇದು ಈಗ ಚೆನ್ನಾಗಿ ಗೊತ್ತು. ಹಾಗಾದರೆ ವೆಸಿಕಲ್ ಅಂತ ಹೆಸರಿಟ್ಟು ಅಳೆದದ್ದರಲ್ಲಿ ಒಂದು ಪಾಲಾದರೂ ಬಿಡಿ ಟೌ ಆಗಿರಬಹುದು. ಅಳೆದದ್ದರಲ್ಲಿ ಸಿಡಿ81 ಇತ್ತಲ್ಲ, ಅದು ವೆಸಿಕಲ್ ಗುರುತಲ್ವಾ ಅಂತ ಕೇಳಬಹುದು. ಇತ್ತು, ಆದರೆ ಪಾಲಿಮರ್ ಕೂರಿಸಿದ ರಾಶಿಯಲ್ಲಿ ಎಲ್ಲ ಕೋಶಗಳ ವೆಸಿಕಲ್‌ಗಳೂ ಇದ್ದವು. ಅವು ಪ್ರತಿಕಾಯ ಹಚ್ಚಿದ ಮಣಿಗೆ ಸುಮ್ನೆ ಅಂಟಿಕೊಂಡರೂ ಸಿಡಿ81 ಸಿಗುತ್ತದೆ.

ಇನ್ನೊಂದು ದಾರಿ ಪ್ಲೇಟ್‌ಲೆಟ್. ಅಮೈಲಾಯ್ಡ್ ಬೀಟಾ ಹುಟ್ಟುವುದು ಎಪಿಪಿ ಅನ್ನೋ ದೊಡ್ಡ ಪ್ರೊಟೀನಿನಿಂದ. ರಕ್ತದಲ್ಲಿ ಈ ಎಪಿಪಿಯ ಮುಖ್ಯ ದಾಸ್ತಾನು ಪ್ಲೇಟ್‌ಲೆಟ್‌ಗಳಲ್ಲೇ ಇದೆ! ರಕ್ತ ತೆಗೆದ ಮೇಲೆ ಟ್ಯೂಬನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕಣಗಳನ್ನು ಬೇರ್ಪಡಿಸೋದು ತಡವಾದರೆ, ಅಥವಾ ಪ್ಲೇಟ್‌ಲೆಟ್ ಉಳಿಸಿಯೇ ಫ್ರೀಜರ್‌ಗೆ ಹಾಕಿದರೆ, ಅವು ಒಡೆದು ಗುಳ್ಳೆಗಳನ್ನೂ ಸರಕನ್ನೂ ಸುರಿಯುತ್ತವೆ. ಅದಕ್ಕೇ ಈ ಕೆಲಸದಲ್ಲಿ ರಕ್ತವನ್ನು ಗುರುತ್ವದ 2,500 ಪಟ್ಟು ಬಲದಲ್ಲಿ 15 ನಿಮಿಷದಂತೆ ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ ಅಂತ ಸಲಹೆ ಇದೆ. ಹತ್ತಾರು ವರ್ಷ ಹಿಂದೆ ಬೇರೆ ಉದ್ದೇಶಕ್ಕೆ ತೆಗೆದಿಟ್ಟ ಮಾದರಿಗಳಿಗೆ ಈ ಭಾಗ್ಯ ಸಿಕ್ಕಿರುವುದು ಕಡಿಮೆ.

ಅಂದರೆ ಪರೀಕ್ಷೆಯ ಸಂಕೇತ ನಿಜವಾಗಿದ್ದೂ ಅದರ ವಿವರಣೆ ತಪ್ಪಾಗಿರಬಹುದು. ರೋಗಿಗೆ ಇದರಿಂದ ಏನು ವ್ಯತ್ಯಾಸ, ಕಾಯಿಲೆ ಗೊತ್ತಾದರೆ ಸಾಕಲ್ಲ ಅನ್ನುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಒಂದು ಔಷಧ ಕೊಟ್ಟ ಮೇಲೆ ಈ ಅಂಕಿ ಇಳಿದರೆ ನರಕೋಶ ಚೇತರಿಸಿಕೊಂಡಿತು ಅಂತ ಓದಬೇಕಾ, ಪ್ಲೇಟ್‌ಲೆಟ್ ಸುಮ್ಮನಾಯಿತು ಅಂತ ಓದಬೇಕಾ? ಎಲ್1ಕ್ಯಾಮ್ ವೆಸಿಕಲ್‌ಗಳನ್ನು ಔಷಧ ಪ್ರಯೋಗಗಳಲ್ಲಿ ಅಳತೆಗೋಲಾಗಿ ಬಳಸಿದ್ದೂ ಉಂಟು, ಹಾಗಾಗಿ ಇದು ಪಂಡಿತರ ಜಗಳ ಮಾತ್ರ ಅಲ್ಲ.

ಎದುರು ವಾದ

ಆ ಕಡೆಯವರು ಸುಮ್ಮನೆ ಕೂರಲಿಲ್ಲ. 2024ರಲ್ಲಿ ಕಪೋಜಿಯಾನಿಸ್ ಇರುವ ತಂಡ ಒಂದೊಂದೇ ವೆಸಿಕಲ್ಲನ್ನು ನೋಡುವ ವಿಧಾನಗಳಿಂದ ಉತ್ತರ ಕೊಟ್ಟಿತು. ರಕ್ತದಲ್ಲಿ ಎಲ್1ಕ್ಯಾಮ್ ಹೊತ್ತ ವೆಸಿಕಲ್‌ಗಳು ಇವೆ, ಅವುಗಳಲ್ಲಿ ನರಕೋಶದ ಬೇರೆ ಗುರುತುಗಳೂ ಇವೆ ಅನ್ನೋದು ಅವರ ಮಾತು.

ಎರಡೂ ನಿಜ ಇರಬಹುದು. ಎಲ್1ಕ್ಯಾಮ್‌ನ ಬಹುಪಾಲು ಬಿಡಿ, ಒಂದು ಸಣ್ಣ ಪಾಲು ಮಾತ್ರ ವೆಸಿಕಲ್ ಮೇಲೆ ಅಂದರೆ ಕೊಳವೆಯ ಪ್ರಯೋಗದಲ್ಲಿ ಬಿಡಿಯದ್ದೇ ಎದ್ದು ಕಾಣುತ್ತದೆ, ಒಂಟಿ ವೆಸಿಕಲ್ ಪ್ರಯೋಗದಲ್ಲಿ ಆ ಸಣ್ಣ ಪಾಲು ಕಾಣುತ್ತದೆ. ಆದರೆ ಇಲ್ಲಿ ಎಲ್1ಕ್ಯಾಮ್ ವೆಸಿಕಲ್ ಇದೆಯೋ ಇಲ್ಲವೋ ಅನ್ನೋದು ನನ್ನ ಪ್ರಕಾರ ಸರಿಯಾದ ಪ್ರಶ್ನೆ ಅಲ್ಲ. ಪ್ರತಿಕಾಯ ಹಾಕಿ ಎಳೆದಾಗ ಮಣಿಗಳ ಮೇಲೆ ಬಂದು ಕೂರುವುದರಲ್ಲಿ ವೆಸಿಕಲ್ ಎಷ್ಟು, ಬಿಡಿ ಎಲ್1ಕ್ಯಾಮ್ ಎಷ್ಟು, ಇನ್ಯಾರದೋ ವೆಸಿಕಲ್ ಎಷ್ಟು? ಬಿಡಿಯದ್ದು ಲೆಕ್ಕವಿಲ್ಲದಷ್ಟು ಇದ್ದರೆ ಜಾಗವನ್ನೆಲ್ಲ ಅದೇ ತುಂಬಿಕೊಳ್ಳುತ್ತದೆ. 2015ರ ವಿಧಾನದಲ್ಲಿ ಬಿಡಿಯದ್ದನ್ನು ಮೊದಲೇ ತೆಗೆಯುವ ಹಂತ ಇರಲಿಲ್ಲ, ಅದೇ ದೊಡ್ಡ ಕೊರತೆ.

ಬೇರೆ ಹಿಡಿಗಳ ಹುಡುಕಾಟವೂ ನಡೆದಿದೆ. ಇಕೆಜು ಅವರ ತಂಡ ಎಟಿಪಿ1ಎ3 ಅನ್ನೋ ಪ್ರೊಟೀನನ್ನು ಮುಂದಿಟ್ಟಿದೆ. ವೆಸಿಕಲ್ ಸಂಶೋಧಕರ ಅಂತರರಾಷ್ಟ್ರೀಯ ಸಂಘ 2014, 2018, ಮತ್ತೆ 2023ರ ಹೆಸರಿನಲ್ಲಿ ಮಾರ್ಗಸೂಚಿಗಳನ್ನು ತಂದಿದೆ. ವೆಸಿಕಲ್ ಇದೆ ಅಂತ ತೋರಿಸಿದರೆ ಸಾಲದು, ಇರಬಾರದ್ದು ಎಷ್ಟಿದೆ ಅಂತಲೂ ತೋರಿಸಿ ಅನ್ನೋದು ಅದರಲ್ಲಿನ ಒಂದು ಬೇಡಿಕೆ. ಆ ಎರಡನೇ ಭಾಗವನ್ನು ಗಂಭೀರವಾಗಿ ತಗೊಂಡಿದ್ದರೆ ಎಲ್1ಕ್ಯಾಮ್ ಜಗಳ ಇಷ್ಟು ತಡವಾಗಿ ಶುರುವಾಗುತ್ತಿರಲಿಲ್ಲ.

ಈ ನಡುವೆ ಬೇರೆಯವರು ಮುಂದೆ ಹೋದರು

ವೆಸಿಕಲ್ ಹಿಡಿಯುವವರು ವಾದದಲ್ಲಿದ್ದಾಗ, ವೆಸಿಕಲ್ ಗೊಡವೆಗೇ ಹೋಗದವರು ರಕ್ತದ್ರವದಲ್ಲಿ ನೇರವಾಗಿ ಟೌ ಅಳೆದರು. 217ನೇ ಜಾಗದಲ್ಲಿ ಫಾಸ್ಫೇಟ್ ಅಂಟಿದ ಪಿ-ಟೌ217 ಆಲ್ಝೈಮರನ್ನು ಬೇರೆ ಮಿದುಳಿನ ಕಾಯಿಲೆಗಳಿಂದ ಚೆನ್ನಾಗಿ ಬೇರ್ಪಡಿಸುತ್ತದೆ ಅಂತ 2020ರಲ್ಲಿ ದೊಡ್ಡ ಅಧ್ಯಯನ ಬಂತು. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ರಕ್ತದಲ್ಲಿ ಪಿ-ಟೌ217 ಮತ್ತು ಅಮೈಲಾಯ್ಡ್ ಬೀಟಾ 42ರ ಅನುಪಾತ ನೋಡುವ ಪರೀಕ್ಷೆಗೆ ಅನುಮತಿ ಕೊಟ್ಟಿತು, ಮರೆವಿನ ಲಕ್ಷಣ ಆಗಲೇ ಇರುವ, 55 ಅಥವಾ ಅದಕ್ಕೂ ಜಾಸ್ತಿ ವಯಸ್ಸಿನವರಿಗೆ. ಯಾವ ಲಕ್ಷಣವೂ ಇಲ್ಲದವರಿಗೆ ಅಲ್ಲ, ಇದನ್ನು ಗಮನಿಸಿ.

ಹಾಗಾದರೆ ಮರೆವಿನ ಕಾಯಿಲೆಗಳಿಗೆ ವೆಸಿಕಲ್ ರಕ್ತಪರೀಕ್ಷೆ ಬೇಕೇ ಇಲ್ಲವಾ? ಆಲ್ಝೈಮರ್ ಮಟ್ಟಿಗೆ ಅದರ ಅವಸರ ಕಡಿಮೆಯಾಯಿತು ಅಂತ ನನಗನಿಸುತ್ತೆ. ಆದರೆ ಮಿದುಳಿನ ಮುಂಭಾಗದ ಡಿಮೆನ್ಷಿಯಾದ ಕಥೆ ಬೇರೆ. ಅದರಲ್ಲಿ ಕೆಲವರ ಮಿದುಳಿನಲ್ಲಿ ಟೌ ಇರುತ್ತದೆ, ಕೆಲವರಲ್ಲಿ ಟಿಡಿಪಿ-43 ಅನ್ನೋ ಇನ್ನೊಂದು ಪ್ರೊಟೀನ್, ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ಥರ. ಯಾರಿಗೆ ಯಾವುದು ಅಂತ ಬದುಕಿರುವಾಗ ಹೇಳೋದು ಬಹಳ ಕಷ್ಟ. 2024ರಲ್ಲಿ ಜರ್ಮನಿಯ ಬಾನ್ ನಗರದ ತಂಡ ರಕ್ತದ ವೆಸಿಕಲ್‌ಗಳೊಳಗಿನ ಟೌ ರೂಪಗಳ ಅನುಪಾತ ಮತ್ತು ಟಿಡಿಪಿ-43 ಅಳೆದು ಈ ಎರಡನ್ನೂ ಬೇರ್ಪಡಿಸಬಹುದು ಅಂತ ವರದಿ ಮಾಡಿತು. ಬೇರೆ ಲ್ಯಾಬ್‌ಗಳ ಕೈಯಲ್ಲೂ ಅದೇ ಫಲ ಬಂದರೆ ವೆಸಿಕಲ್‌ಗೆ ತನ್ನದೇ ಜಾಗ ಸಿಗುತ್ತದೆ.

ಪ್ರಕರಣಕ್ಕೆ ಸ್ವಲ್ಪ ಹೊರಗಿನದಾದರೂ ಇದನ್ನು ಹೇಳದೆ ಬಿಡೋಕೆ ಮನಸ್ಸಿಲ್ಲ. ನೆನಪಿನ ಶಕ್ತಿ ಮರಳಿಸುತ್ತೇವೆ ಅಂತ ಎಕ್ಸೋಸೋಮ್ ಇಂಜೆಕ್ಷನ್ ಮಾರುವವರು ಇದ್ದಾರೆ. ಚೀನಾದಲ್ಲಿ ಕಾಂಡಕೋಶಗಳಿಂದ ತೆಗೆದ ಎಕ್ಸೋಸೋಮ್‌ಗಳನ್ನು ಮೂಗಿನ ಮೂಲಕ ಕೊಟ್ಟು ನೋಡಿದ ಒಂದು ಪ್ರಯೋಗ 2023ರಲ್ಲಿ ಪ್ರಕಟವಾಯಿತು, ಅದರಲ್ಲಿ ಇದ್ದದ್ದು 9 ಜನ ರೋಗಿಗಳು. ಅಷ್ಟು ಜನರಲ್ಲಿ ಸುರಕ್ಷತೆಯ ಬಗ್ಗೆ ಒಂದಿಷ್ಟು ತಿಳಿಯಬಹುದು, ನೆನಪು ಮರಳಿತಾ ಅಂತ ತಿಳಿಯಲ್ಲ. ಎಕ್ಸೋಸೋಮ್ ಹೆಸರಿನಲ್ಲಿ ಮಾರುವ ಉತ್ಪನ್ನಗಳ ಬಗ್ಗೆ ಎಫ್‌ಡಿಎ 2019ರಲ್ಲೇ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತ್ತು, ಅಂಥ ಉತ್ಪನ್ನ ತಗೊಂಡ ಕೆಲವರಿಗೆ ಗಂಭೀರ ತೊಂದರೆ ಆದ ಮೇಲೆ.

ಈಗ ಕಡತ ಎಲ್ಲಿದೆ

ಎಲ್1ಕ್ಯಾಮ್ ಪ್ರಕರಣ ಮುಚ್ಚಿಲ್ಲ. ಎರಡೂ ಕಡೆಯ ಲೇಖನಗಳು ಪಕ್ಕಪಕ್ಕದಲ್ಲೇ ಉಲ್ಲೇಖವಾಗುತ್ತಿವೆ. ಎಲ್1ಕ್ಯಾಮ್ ಬಳಸಿದ ಹೊಸ ಲೇಖನ ಕಂಡರೆ ನಾನು ಮೊದಲು ನೋಡೋದು ವಿಧಾನದ ಭಾಗ: ಬಿಡಿ ಪ್ರೊಟೀನನ್ನು ಮೊದಲೇ ಬೇರ್ಪಡಿಸಿದ್ದಾರಾ, ಸಂಬಂಧವೇ ಇಲ್ಲದ ಇನ್ನೊಂದು ಪ್ರತಿಕಾಯ ಹಾಕಿ ಎಳೆದಾಗ ಎಷ್ಟು ಟೌ ಬಂತು ಅಂತ ತೋರಿಸಿದ್ದಾರಾ. ಎರಡನೆಯದು ಇಲ್ಲದಿದ್ದರೆ ಚಿತ್ರಗಳನ್ನು ನೋಡೋ ಗೋಜಿಗೂ ಹೋಗಲ್ಲ.

ಇದನ್ನು ಇತ್ಯರ್ಥ ಮಾಡೋ ಪ್ರಯೋಗವನ್ನು ಊಹಿಸೋದು ಕಷ್ಟ ಅಲ್ಲ. ಒಂದೇ ಜನರ ರಕ್ತ, ಒಂದೇ ರೀತಿ ತೆಗೆದು ಪ್ಲೇಟ್‌ಲೆಟ್ ಬೇರ್ಪಡಿಸಿದ್ದು, ಎರಡು ಪಾಲು ಮಾಡಿ ಎರಡೂ ಕಡೆಯವರಿಗೆ ಕೊಡಬೇಕು. ಯಾರ ಮಾದರಿ ರೋಗಿಯದು, ಯಾರದು ಅಲ್ಲ ಅಂತ ಇಬ್ಬರಿಗೂ ಹೇಳಬಾರದು. ಮೊದಲು ಕೊಳವೆಯಲ್ಲಿ ಹಾಯಿಸಿ ಬಿಡಿ ಪ್ರೊಟೀನ್ ತೆಗೆಯಬೇಕು, ಆಮೇಲೆ ಎಲ್1ಕ್ಯಾಮ್‌ನಿಂದ ಎಳೆಯಬೇಕು, ಎಳೆದದ್ದರಲ್ಲಿ ಪೊರೆಯೊಳಗಿನ ಟೌ ಎಷ್ಟು ಉಳಿಯಿತು ಅಂತ ಅಳೆಯಬೇಕು. ಪಕ್ಕದಲ್ಲೇ ಅದೇ ರಕ್ತದ ಪಿ-ಟೌ217 ಕೂಡ ಅಳೆದಿಡಬೇಕು. ಬಿಡಿಯದ್ದನ್ನು ತೆಗೆದ ಮೇಲೂ ರೋಗಿಗಳಿಗೂ ಆರೋಗ್ಯವಂತರಿಗೂ ವ್ಯತ್ಯಾಸ ಉಳಿದರೆ 2015ರ ಹಿಡಿಗೆ ಜೀವ ಇದೆ. ಅಳಿಸಿಹೋದರೆ, ಅಷ್ಟು ವರ್ಷ ಅಳೆದದ್ದು ಬಿಡಿ ಟೌ, ಅದನ್ನು ಪಿ-ಟೌ217 ಪರೀಕ್ಷೆ ಇನ್ನೂ ಚೆನ್ನಾಗಿ ಅಳೆಯುತ್ತದೆ.